ಬಚ್ಚಲಲ್ಲಿ ಕೇರೆ ಹಾವು

ತಮ್ಮಾ,

ಬಚ್ಚಲ ಬಾಗಿಲು ತೆಗೆಯಬೇಡ, ಒಳಗೆ ಹಾವಿದೆ. ಕೇರೆ ಹಾವು, ವಿಷವಿಲ್ಲ. ಫೋಟೊ ನೋಡಿ ಹಾವು ಹಿಡಿಯುವವರೇ ಹೇಳಿದರು. ಹತ್ತು ಗಂಟೆಗೆ ಬಂದು ಒಯ್ಯುತ್ತಾರೆ. ಬಾಗಿಲಡಿಯ ಸಂದಿಗೆ ನಿನ್ನ ಹೊಸ ಟವೆಲ್ ತುರುಕಿದ್ದೇನೆ. ಬೈದುಕೋ, ಆದರೆ ಎಳೆಯಬೇಡ. ಅಲ್ಲಿಯ ತನಕ ಹಲ್ಲುಜ್ಜಲು ಅಡುಗೆಮನೆಯ ನಲ್ಲಿಯೇ ಗತಿ.

ಹೋದ ವರ್ಷ ಮಂಚದಡಿಯ ಬೆಲ್ಟನ್ನು ಹಾವೆಂದು ಬಡಿದು ಬಕಲ್ ಮುರಿದ ಶೂರ ನೀನು. ಬೆಲ್ಟಿಗೆ ಜೀವವಿರಲಿಲ್ಲ, ಇದಕ್ಕಿದೆ. ದೇವರು ಇಟ್ಟ ಉಸಿರನ್ನು ನಮ್ಮ ಮನೆಯಲ್ಲಿ ಯಾರೂ ಕಿತ್ತುಕೊಳ್ಳಕೂಡದು. ಅವರ ಜೊತೆ ಹೋಗಿ, ಅದನ್ನು ಹೊಳೆಯಂಚಿನ ಪೊದೆಗೆ ಬಿಡುವುದನ್ನು ಕಣ್ಣಾರೆ ನೋಡಿ ಬಾ.

ಕೋಲು ಹುಡುಕಬೇಡ, ನಾನು ಹೊಲಿಗೆ ಅಂಗಡಿಗೆ ಒಯ್ಯುತ್ತಿದ್ದೇನೆ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಕಾಲುನೋವು ಎನ್ನುತ್ತೇನೆ. ಆ ಸುಳ್ಳಿನ ಪಾಪ ನನಗಿರಲಿ.

ಅಕ್ಕ