ಗಾಲಿ ಬಿಚ್ಚಿದ ಗಾಡಿ

ಜನವರಿ ೨೩, ಶುಕ್ರವಾರ

ಹಾಳಾದ್ದು, ಎರಡೂ ಗಾಲಿಗಳನ್ನು ಅಪ್ಪ ಬಿಚ್ಚಿಸಿಬಿಟ್ಟ.

ಜೀಪಿನ ಹಿಂದೆ ಕಟ್ಟಿಕೊಂಡು ಹೆಂಡತಿಯ ಜೊತೆ ಊರೂರು ಸುತ್ತಬೇಕೆಂದು ನಾನೇ ಕಟ್ಟಿದ ಮಲಗುವ ಗಾಡಿ ಅದು. ನೀರಿನ ಹನಿಯ ಆಕಾರ, ಹಿಂದೆ ಅಡುಗೆಕಟ್ಟೆ, ಮೇಲೆ ಗಾಜಿನ ಕಿಟಕಿ. ನಾನು ಹುಮನಾಬಾದಿಗೆ ಹೋಗಿ ಗ್ಯಾಸ್ ಒಲೆ ತರುವಷ್ಟರಲ್ಲಿ ಗಾಡಿ ಹೊಲದ ನಡುವೆ ಕಲ್ಲುಗಳ ಮೇಲೆ ಕೂತಿತ್ತು. ಗಾಲಿಗಳು ನೀರಿನ ಬಂಡಿಗೆ ಸೇರಿದ್ದವು.

“ಜೋಳ ಕಾಯಾಕ ಇದಕಿಂತ ಚೊಲೊ ಗುಡಸಲ ಎಲ್ಲಿ ಸಿಗ್ತದೋ ಸಂಜು? ಭಾಳ ಛಂದ ಮಾಡೀದಿ!” ಎಂದು ಅಪ್ಪ ಬೆನ್ನು ತಟ್ಟಿದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಕೇಳಿದ ಮೊದಲ ಹೊಗಳಿಕೆ. ಬೈಯಬೇಕೆಂದಿದ್ದವನು ಒಲೆ ಹಿಡಿದುಕೊಂಡೇ ನಿಂತೆ.

“ಯಾಕ ಸುಮ್ಮ ನಿಂತ್ರಿ?” ಎಂದಳು, ಕಿಟಕಿಗೆ ಪರದೆ ಹೊಲಿದಿದ್ದ ಹೆಂಡತಿ ವರ್ಷಾ. ಒಲೆಯನ್ನು ಗಾಡಿಯ ಅಡುಗೆಕಟ್ಟೆಯ ಮೇಲಿಟ್ಟೆ.

ಈಗ ಅದರೊಳಗೇ ಮಲಗಿ ಹಂದಿ ಬರದಂತೆ ಕಾಯುತ್ತಿದ್ದೇನೆ. ಸಿಟ್ಟಿನಿಂದ ಜೋರಾಗಿ ಹೊರಳಿದೆ. ಗಾಡಿ ಒಂಚೂರೂ ಅಲುಗಲಿಲ್ಲ. ಅಪ್ಪ ಕಲ್ಲುಗಳನ್ನು ಗಟ್ಟಿಯಾಗಿಯೇ ಇಟ್ಟಿದ್ದಾನೆ.