ನುಂಗಿಕೊಂಡ ಅರ್ಧ ವಾಕ್ಯ

ನವೆಂಬರ್ 14, ಗುರುವಾರ. ಬೋಡೊ, ನಾರ್ವೆ.

ಆಪ್ತಸಲಹೆಗೆ ಬರುವ ತೂರಿದ್‌ಗೆ ನಾನು ಕೊಟ್ಟ ಮಾತು: ಈ ಕೋಣೆಯಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ. ಹೇಳದೆ ನುಂಗಿಕೊಂಡದ್ದು: ಮಗುವಿಗೆ ಅಪಾಯವಿದ್ದರೆ ಕಾನೂನಿನಂತೆ ತಿಳಿಸಲೇಬೇಕಾಗುತ್ತದೆ ಎಂಬ ಉಳಿದರ್ಧ. ಮೊದಲ ದಿನವೇ ಹೇಳಬೇಕಿತ್ತು. ಅವಳು ಅಳುತ್ತಿದ್ದಳು, ನಾನು ಒಳ್ಳೆಯವಳಾಗಲು ಹೋದೆ.

ಸಿಟ್ಟು ಬಂದಾಗ ಆರು ವರ್ಷದ ಮಗ ಐಲಿಫ್‌ನನ್ನು ದೋಣಿ ಇಡುವ ಕತ್ತಲ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತೇನೆ ಎಂದು ಸೋಮವಾರ ಹೇಳಿದಳು. ಈ ಚಳಿಯಲ್ಲಿ! ಅಂದೇ ಮಕ್ಕಳ ರಕ್ಷಣಾ ಕಚೇರಿಗೆ ಬರೆದೆ; ನಿನ್ನೆ ಅವರು ಅವಳ ಮನೆಗೆ ಹೋದರು. ಬರೆದದ್ದಕ್ಕೆ ನನಗೆ ನಾಚಿಕೆಯಿಲ್ಲ.

ಇವತ್ತು ಬಂದವಳು ಬಾಗಿಲಲ್ಲೇ ನಿಂತಳು. "ಬೀದೀಲಿ ಹೆಂಗಸರ ಪರ ಬಾವುಟ ಹಿಡೀತೀಯ, ಒಳಗೆ ಕೂತು ನಮ್ ಮೇಲೇ ಚಾಡಿ ಬರೀತೀಯ. ಮೊದ್ಲೇ ಹೇಳಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ ಕಣೇ ರಾಗ್ನಾ!"

ನಿಜ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮಗು ಇನ್ನೂ ಆ ಕತ್ತಲಲ್ಲೇ ಇರುತ್ತಿತ್ತು. ಹಾಗೆಂದು ನನ್ನ ಮೋಸ ಪುಣ್ಯವಾಗುವುದಿಲ್ಲ. ಬಡವರಿಗೆ ಅರ್ಧ ಹೇಳಿ ಸಹಿ ಹಾಕಿಸಿಕೊಳ್ಳುವ ಕಚೇರಿಗಳ ಮುಂದೆ ಇಪ್ಪತ್ತು ವರ್ಷ ಕೂಗಿದೆ. ಕೊನೆಗೆ ನಾನೇ ಆ ಕಚೇರಿಯಾದೆ.

"ನನ್ನ ಮೇಲೆ ದೂರು ಕೊಡು, ತೂರಿದ್. ಫಾರಂ ನಾನೇ ತರ್ತೀನಿ."

"ತಾ. ಒಂದಕ್ಷರ ಬಿಡದೆ ಓದಿ ಹೇಳ್ಬೇಕು."

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ ಫಾರಂ ಓದಿಸಿಕೊಳ್ಳಲು ಬರುತ್ತಾಳೆ.