ತಲೆಯ ಮೇಲಿಟ್ಟುಕೊಂಡ ಆಜ್ಞೆ

ಸಾನ್ ಬ್ರೌಲಿಯೊ ಕೋಟೆ, ಉತ್ತರ ಗಡಿ
1787ನೇ ಇಸವಿ, ನವೆಂಬರ್ 9

ಪ್ರೀತಿಯ ಹಸಿಂತಾ,

ನಾನು ಕ್ಷೇಮವಾಗಿದ್ದೇನೆ. ದುರಾಂಗೊದಲ್ಲಿ ಅತ್ತೆಯವರ ಕೆಮ್ಮು ಇಳಿದಿದೆ ಎಂದು ತಿಳಿದು ಸಮಾಧಾನವಾಯಿತು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಕ್ಷಮಿಸು. ಮೇಲಿನವರಿಗೆ ಬರೆದು ಬರೆದು ಕೈ ಕೆಟ್ಟುಹೋಗಿದೆ. ಹೆಂಡತಿಗೆ ಬರೆಯಲು ಕೂತರೂ 'ಘನತೆವೆತ್ತ ತಮ್ಮ ಅವಗಾಹನೆಗೆ' ಎಂದೇ ಶುರುವಾಗುತ್ತದೆ. ಒಂದು ಹಾಳೆಯನ್ನು ಹಾಗೆ ಹರಿದು ಹಾಕಿದ್ದೂ ಆಯಿತು.

ಮೆಣಸಿನಕಾಯಿ ಈ ಸಲ ಚೆನ್ನಾಗಿ ಬಂದಿದೆ. ಅಮ್ಮೋರಿಲ್ಲದ ಮನೆಯಲ್ಲಿ ಯಾರಿಗೂ ನಾಲಿಗೆಗೆ ರುಚಿಯಿಲ್ಲ ಎಂದು ಗೊಣಗುತ್ತ, ಅಡುಗೆಯ ತೊಮಾಸಾ ಎಲ್ಲದಕ್ಕೂ ಖಾರ ಸುರಿಯುತ್ತಿದ್ದಾಳೆ. ನಾನು ನೀರು ಕುಡಿದು ಕುಡಿದು ತಿನ್ನುತ್ತೇನೆ.

ಸಂತ ಲೂಕನ ಹಬ್ಬ ಕಳೆದ ಮೇಲೆ ಒಂದು ರಾಜಾಜ್ಞೆ ಬಂತು. ಯುದ್ಧದಲ್ಲಿ ಸೆರೆಸಿಕ್ಕ ಬೆಟ್ಟದ ಅಪಾಚೆ ಜನ ಯಾರ ಮನೆಯಲ್ಲಿದ್ದರೂ, ಹೆಂಗಸರು ಮಕ್ಕಳೆನ್ನದೆ, ಸರಪಳಿ ಹಾಕಿ ವೆರಾಕ್ರೂಸ್ ಬಂದರಿಗೆ ಕಳಿಸಬೇಕು. ಅಲ್ಲಿಂದ ಹಡಗಿನಲ್ಲಿ ಕಡಲಾಚೆಗೆ. ದೀಕ್ಷಾಸ್ನಾನ ಆದವರಿಗೂ ವಿನಾಯಿತಿಯಿಲ್ಲ. ಇದನ್ನು ಓದಿದಾಗ ನಿನಗೆ ಯಾರ ನೆನಪಾಗುತ್ತದೋ, ನನಗೂ ಅವಳದೇ ಆಯಿತು. ಬ್ರಿಹಿದಾ ಸೆರೆಯಾಗಿ ನಮ್ಮ ಮನೆಗೆ ಬಂದಾಗ ಅವಳಿಗಿನ್ನೂ ಹಲ್ಲು ಹುಟ್ಟಿರಲಿಲ್ಲ. ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿಕೊಂಡ ಜ್ಞಾನತಾಯಿ ನೀನು. ಅವಳ ಜನರ ಭಾಷೆಯ ಒಂದು ಪದವೂ ಅವಳಿಗೆ ಬಾರದು.

ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಚೌಕದಲ್ಲಿ ನಗಾರಿ ಬಾರಿಸಿ, ಊರೆದುರು ರಾಜಮುದ್ರೆಗೆ ಮುತ್ತಿಟ್ಟು, ಕಾಗದವನ್ನು ತಲೆಯ ಮೇಲಿಟ್ಟುಕೊಂಡು 'ಶಿರಸಾವಹಿಸಿದ್ದೇನೆ' ಎನ್ನಬೇಕು. ಆಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡು, 'ಪಾಲಿಸಿದ್ದೇನೆ, ಆದರೆ ಜಾರಿ ಮಾಡಿಲ್ಲ. ಇಲ್ಲಿನ ಸಂಗತಿ ದೊರೆಗೆ ತಿಳಿದಿರಲಾರದು' ಎಂದು ಬರೆಯಬೇಕು. ಉತ್ತರ ಬರುವಷ್ಟರಲ್ಲಿ ಆಜ್ಞೆ ಕಳಿಸಿದ ಅಧಿಕಾರಿಯೇ ವರ್ಗವಾಗಿರುತ್ತಾನೆ. ರೇಷ್ಮೆಗಾಗಿ ಹಿಪ್ಪುನೇರಳೆ ನೆಡಿ ಎಂಬ ಆಜ್ಞೆಯನ್ನೂ ನಾನು ಭಕ್ತಿಯಿಂದ ತಲೆಗೇರಿಸಿಕೊಂಡಿದ್ದೆ. ಈ ಹಿಮದಲ್ಲಿ ಒಂದು ಕಡ್ಡಿಯನ್ನೂ ನೆಟ್ಟಿಲ್ಲ.

ಕಾಗದ ಬಂದ ಮರುದಿನ, ಈ ಸಲವೂ ಅದನ್ನೇ ಮಾಡಿದೆ. ಸಮಾರಂಭ ಮುಗಿದ ಮೇಲೆ ಸಾರ್ಜೆಂಟ್ ಉರ್ಕಿಸ ಬಂದು, "ಉಗ್ರಾಣದಿಂದ ಸರಪಳಿ ತೆಗೆಸ್ಲಾ, ಸ್ವಾಮಿ?" ಎಂದ.

"ತುಕ್ಕು ಹಿಡೀಲಿ ಬಿಡು," ಎಂದೆ. ಇಬ್ಬರೂ ನಕ್ಕೆವು.

ಸಂಜೆಯವರೆಗೆ ಕೂತು ಬರೆದೆ. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಒಳ್ಳೆಯ ಅರ್ಜಿ ಬರೆದಿರಲಿಲ್ಲ. ಅರಗಿನ ಮುದ್ರೆ ಒತ್ತಿ, ಬಾಗಿಲು ತೆಗೆದು, ಕುಡಿಯಲು ಬಿಸಿ ಚಾಕೊಲೇಟ್ ತರಲು ಕೂಗಿದೆ. ತೊಮಾಸಾ ತಂದಳು. ದಿನವೂ ತರುವವಳು ಬ್ರಿಹಿದಾ.

ಅವಳು ನೀರಿನ ಕೊಡ ಹಿಡಿದು ಚೌಕದ ಹೆಂಗಸರ ನಡುವೆ ನಿಂತಿದ್ದಳಂತೆ. ನಾನು ಕಾಗದವನ್ನು ತಲೆಯ ಮೇಲಿಟ್ಟುಕೊಂಡಿದ್ದನ್ನು ನೋಡಿ ಮನೆಗೆ ಬಂದು, ನಾದಿಟ್ಟ ರೊಟ್ಟಿ ಹಿಟ್ಟಿಗೆ ಬಟ್ಟೆ ಮುಚ್ಚಿ, ಹೊರಟುಹೋಗಿದ್ದಾಳೆ. ಚಿಕ್ಕಂದಿನಿಂದ ಅವಳು ನೋಡಿದ್ದು ಚೌಕದಲ್ಲಿ ನಡೆಯುವುದನ್ನು ಮಾತ್ರ. ಬಾಗಿಲ ಹಿಂದಿನದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ತಪ್ಪಿಸಿಕೊಂಡ ಅಪಾಚೆಯ ಹಿಂದೆ ಪಡೆ ಕಳಿಸಬೇಕೆಂಬುದು ನಿಯಮ. ಅದನ್ನೂ ಪಾಲಿಸಿದೆ, ಜಾರಿ ಮಾಡಲಿಲ್ಲ. ಉರ್ಕಿಸನೊಬ್ಬನನ್ನೇ, ನೀನು ನೇಯ್ದ ನೀಲಿ ಶಾಲು ಕೊಟ್ಟು, ನಿಜ ಸಂಗತಿ ಹೇಳಿ ಕರೆತಾ ಎಂದು ಕಳಿಸಿದ್ದೇನೆ. ಅವನಿನ್ನೂ ಬಂದಿಲ್ಲ. ಅವಳು ಬರುತ್ತಾಳೆ, ಹೆದರಬೇಡ. ಅತ್ತೆಯವರಿಗೆ ಈಗಲೇ ಏನೂ ಹೇಳಬೇಡ.

ದೇವಮಾತೆ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನವನಾದ,
ಲೊರೆನ್ಸೊ ದೆ ಆರ್ರಿಯೆತಾ

ಹಿಂಬರಹ: ಕಾಗದ ಮಡಿಸುವ ಮೊದಲೇ ಉರ್ಕಿಸ ಬಂದ, ಒಬ್ಬನೇ. ಬೆಟ್ಟದ ಬುಡದಲ್ಲಿ ಸಿಕ್ಕಳಂತೆ. ಮಾತೇ ಅರ್ಥವಾಗದ ತನ್ನ ಜನರ ಬೆಂಕಿಯ ಪಕ್ಕ ಕೂತಿದ್ದಳಂತೆ. ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಕೊನೆಯವರೆಗೂ ಕೇಳಿ, ಶಾಲನ್ನು ಮಡಿಸಿ ಅವನ ಕೈಗೇ ಕೊಟ್ಟಳಂತೆ. "ಕಾಗದ ಬಂದ ದಿನ ಅಪ್ಪ ನನ್ನ ಕೈಯಲ್ಲೇ ಬಡಿಸ್ಕೊಂಡು ಉಂಡ್ರು," ಎಂದಳಂತೆ. "ಆಗ ಒಂದ್ ಮಾತು ಹೇಳ್ಬಹುದಿತ್ತು."

ಅವಳಿಗಾಗಿ ದೊರೆಗೆ ನಾಲ್ಕು ಹಾಳೆ ಬರೆದೆ, ಹಸಿಂತಾ. ಅವಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.